ಮೆಟ್ರೋ ಬಂದರೆ ಬಾಡಿಗೆ ಅಂಗಡಿಯವರಿಗೆ ವ್ಯಾಪಾರ ಜಾಸ್ತಿ ಆಗುತ್ತಾ?

ಬೆಂಗಳೂರಿನ ಬೊಮ್ಮನಹಳ್ಳಿಯಲ್ಲಿ ಬಾಡಿಗೆ ಜಾಗದಲ್ಲಿ ಪ್ರಾವಿಷನ್ ಸ್ಟೋರ್ ಇಟ್ಟಿದ್ದೀರಿ. ಗಿರಾಕಿಗಳು ಹೆಚ್ಚಾಗಿ ಗಾರ್ಮೆಂಟ್ಸ್‌ನವರು. ಮೆಟ್ರೋ ಹಳದಿ ಮಾರ್ಗ ಶುರುವಾಗಿದೆ, ಇನ್ಮೇಲೆ ವ್ಯಾಪಾರ ಜಾಸ್ತಿಯಾಗುತ್ತಲ್ಲ, ಬಾಡಿಗೆ ಜಾಸ್ತಿ ಕೊಡಿ ಅಂತ ಮಾಲೀಕರು ಕೇಳುತ್ತಿದ್ದಾರೆ. ಅವರ ಮಾತು ನಿಜವಾ ಅನ್ನೋದು ನಿಮ್ಮ ಪ್ರಶ್ನೆ. ಏರಿಯಾಗೆ ವ್ಯಾಪಾರ ಬರುತ್ತದೆ, ಅನುಮಾನವೇ ಬೇಡ. ನಿಮ್ಮ ಗಲ್ಲಾಕ್ಕೆ ಬರುತ್ತದೆ ಅನ್ನೋ ಖಾತ್ರಿ ಮಾತ್ರ ಇಲ್ಲ.

ನನ್ನದು ಯಲಚೇನಹಳ್ಳಿ ಹತ್ತಿರ ಎಲೆಕ್ಟ್ರಿಕಲ್ ಮತ್ತು ಹಾರ್ಡ್‌ವೇರ್ ಅಂಗಡಿ. ನಾನೂ ಬಾಡಿಗೆಯವನೇ. ಹಸಿರು ಮಾರ್ಗ ನಮ್ಮ ಕಡೆ ಬಂದದ್ದು 2017ರ ಜೂನ್‌ನಲ್ಲಿ. ಆದರೆ ರೈಲಿಗಿಂತ ಮೊದಲು ಬಾಡಿಗೆ ಬಂತು. ಇನ್ನೂ ಕಂಬ ಏಳುತ್ತಿದ್ದಾಗಲೇ ಬ್ರೋಕರ್‌ಗಳು 'ಮೆಟ್ರೋಗೆ ನಡೆದುಕೊಂಡೇ ಹೋಗಬಹುದು' ಅನ್ನೋಕೆ ಶುರು ಮಾಡಿದ್ದರು. ರಸ್ತೆಗೆ ಬ್ಯಾರಿಕೇಡ್ ಹಾಕಿ, ಧೂಳೆದ್ದು, ಗಿರಾಕಿಗೆ ಗಾಡಿ ನಿಲ್ಲಿಸಲು ಜಾಗ ಇಲ್ಲದೆ ವ್ಯಾಪಾರ ಬಿದ್ದುಹೋದ ಕಾಲ ಅದು. ಅದೇ ಕಾಲಕ್ಕೆ ಬಾಡಿಗೆ ಏರಿತು. ನಿಮ್ಮಲ್ಲೂ ಅದೇ ಕಥೆ ಅಲ್ವಾ? 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ರೈಲು ಬಿಟ್ಟಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಬಾಡಿಗೆ ಕೇಳುವವರು ಅದಕ್ಕೆಲ್ಲ ಕಾಯುವುದಿಲ್ಲ.

ಮೆಟ್ರೋ ಇಳಿದವರು ಹೇಗೆ ನಡೆಯುತ್ತಾರೆ ಅಂತ ಒಂದು ಸಂಜೆ ನಿಂತು ನೋಡಿ. ಮೆಟ್ಟಿಲ ಬುಡದಲ್ಲಿ ಆಟೋ ನಿಂತಿರುತ್ತದೆ, ಅಲ್ಲೇ ಹೂವು, ಟೀ, ಪಾನಿಪುರಿ. ಅವರಿಗೆ ಭರ್ತಿ ವ್ಯಾಪಾರ. ನಲವತ್ತು ಹೆಜ್ಜೆ ಆಚೆ ಇರುವ ನನ್ನ ಅಂಗಡಿ ಕಡೆ ತಲೆಯೆತ್ತಿ ನೋಡುವವರೂ ಕಡಿಮೆ. ರೈಲಿಂದ ಇಳಿದು ಮನೆಗೆ ಓಡುವವನು ಪಿವಿಸಿ ಪೈಪ್ ಕೊಂಡು ಹೋಗ್ತಾನಾ? ಬದಲಿಗೆ ಬೆಳಿಗ್ಗೆ ನಾನು ಶಟರ್ ಎತ್ತುವಷ್ಟರಲ್ಲಿ ಮುಂದೆ ಸ್ಕೂಟರ್, ಬೈಕು ಸಾಲಾಗಿ ನಿಂತಿರುತ್ತವೆ. ಮೆಟ್ರೋ ಹತ್ತಿ ಆಫೀಸಿಗೆ ಹೋದವರ ಗಾಡಿಗಳು ಅವು, ಸಂಜೆವರೆಗೆ ಅಲ್ಲಾಡಲ್ಲ. ಏಣಿ ಕೊಳ್ಳಲು ಬಂದವನು ಅವುಗಳ ಸಂದಿಯಲ್ಲೇ ಅದನ್ನು ಅಡ್ಡಡ್ಡ ಹಿಡಿದು ಹೊರಗೆ ತರಬೇಕು. ಕನ್ನಡಿ ಮುರಿದರೆ ಜಗಳಕ್ಕೆ ನಾನು.

ಈಗ ನಿಮ್ಮ ಗಿರಾಕಿಗಳ ವಿಷಯ. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ದಿನಾ ಮೆಟ್ರೋ ಹತ್ತುತ್ತಾರೆ ಅಂತ ನನಗೇನೂ ಅನಿಸುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಬಸ್ಸು ಅವರಿಗೆ ಉಚಿತ. ಮೆಟ್ರೋ ಗರಿಷ್ಠ ದರ 2025ರ ಫೆಬ್ರವರಿಯಲ್ಲಿ 60ರಿಂದ 90 ರೂಪಾಯಿಗೆ ಏರಿತು. ಹಾಗಾಗಿ ರೈಲಿನಲ್ಲಿ ಬರುವವರು ಬೇರೆ ಜನ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ನಿಮ್ಮ ಕಡೆ ಪಿಜಿಯಲ್ಲಿ ವಾಸ. ಅವರು ಅಕ್ಕಿ, ಬೇಳೆ ಕೊಳ್ಳುವುದಿಲ್ಲ, ಪಿಜಿಯಲ್ಲೇ ಊಟ. ಬೇಕಾದ್ದನ್ನು ಹತ್ತು ನಿಮಿಷದ ಡೆಲಿವರಿ ಆ್ಯಪ್‌ನಲ್ಲಿ ತರಿಸುತ್ತಾರೆ. ಸಾಲದ ಪುಸ್ತಕದಲ್ಲಿ ಬರೆಸಿ ಸಂಬಳದ ದಿನ ಲೆಕ್ಕ ತೀರಿಸುವ ನಿಮ್ಮ ಹಳೇ ಗಿರಾಕಿ ಮಾತ್ರ, ಮನೆ ಬಾಡಿಗೆ ಏರಿದರೆ ಬೇಗೂರಿನ ಒಳಗೋ ಚಂದಾಪುರದ ಕಡೆಗೋ ಹೋಗುತ್ತಾಳೆ. ಕೆಲವು ಫ್ಯಾಕ್ಟರಿಗಳೇ ರಾಮನಗರ, ಮದ್ದೂರಿನ ಕಡೆ ಹೋಗಿವೆ.

ನಮ್ಮಲ್ಲೂ ಹೀಗೇ ಆಯಿತು. ಮೊದಲು 30×40 ಸೈಟಿನಲ್ಲಿ ಒಬ್ಬೊಬ್ಬರೇ ಮನೆ ಕಟ್ಟಿಸುತ್ತಿದ್ದರು. ಮೇಸ್ತ್ರಿ ಬಂದು ವೈರ್ ಸುರುಳಿ, ಸ್ವಿಚ್ಚು ಎಲ್ಲ ನನ್ನ ಹತ್ತಿರವೇ ಒಯ್ಯುತ್ತಿದ್ದ. ಈಗ ಹಳೇ ಮನೆ ಒಡೆದು ಬಿಲ್ಡರ್ ಅಪಾರ್ಟ್‌ಮೆಂಟ್ ಎಬ್ಬಿಸುತ್ತಾನೆ. ಅವನ ಸಾಮಾನು ಎಸ್‌ಜೆಪಿ ರಸ್ತೆಯ ಹೋಲ್‌ಸೇಲ್ ಅಂಗಡಿಗಳಿಂದ ಲಾರಿಯಲ್ಲೇ ಬರುತ್ತದೆ. ನನಗೆ ಉಳಿದದ್ದು ಪಿಜಿಗಳ ಗೀಸರ್ ರಿಪೇರಿ, ಸುಟ್ಟ ಮೋಟರ್, ಮುರಿದ ನಲ್ಲಿ. ಪುಣ್ಯಕ್ಕೆ ಪಿಜಿಯಲ್ಲಿ ಏನಾದರೂ ಕೆಡುತ್ತಲೇ ಇರುತ್ತದೆ! ಅದರಲ್ಲೇ ಅಂಗಡಿ ನಡೆಯುತ್ತಿದೆ.

ಇಂದಿರಾನಗರದ ಸಿಎಂಎಚ್ ರಸ್ತೆಯ ವ್ಯಾಪಾರಿಗಳು ಮೆಟ್ರೋ ಬೇಡ ಅಂತ ಹೋರಾಡಿದ್ದು ನಿಮಗೆ ನೆನಪಿರಬಹುದು. 2011ರ ಅಕ್ಟೋಬರ್‌ನಲ್ಲಿ ನಗರದ ಮೊದಲ ರೈಲು ಅಲ್ಲೇ ಓಡಿತು. ಆ ರಸ್ತೆಯಲ್ಲಿ ವ್ಯಾಪಾರ ಇಲ್ಲ ಅಂತ ಈಗ ಯಾರೂ ಹೇಳಲಾರರು. ಆದರೆ ರಸ್ತೆ ಉದ್ಧಾರವಾದರೆ ಅವತ್ತು ಬಾಗಿಲು ತೆರೆದು ಕೂತಿದ್ದವನೂ ಉದ್ಧಾರವಾದ ಅಂತಲ್ಲವಲ್ಲ. ಸರ್ಕಾರ ಸಾವಿರಾರು ಕೋಟಿ ಸುರಿದು ರೈಲು ತಂದರೆ ಆ ಬೆಲೆ ಹೋಗಿ ಕೂರುವುದು ಸೈಟಿನ ಮೇಲೆ. ಸೈಟು ಯಾರ ಹೆಸರಲ್ಲಿದೆಯೋ ಲಾಭ ಅವರದ್ದು. ಅದರಲ್ಲಿ ಊರಿಗೆ ವಾಪಸ್ ಬರುವುದೂ ಅಷ್ಟಕ್ಕಷ್ಟೇ. ಬೆಂಗಳೂರಿನ ಆಸ್ತಿ ತೆರಿಗೆಗೆ 2008ರಲ್ಲಿ ಚದರ ಅಡಿ ಲೆಕ್ಕದ ಪದ್ಧತಿ ತಂದರು. ದರ ಏರಿಸಿದ್ದು 2016ರಲ್ಲಿ. ನಮ್ಮ ಬಾಡಿಗೆ ವರ್ಷ ವರ್ಷವೂ ಏರುತ್ತದೆ. ಮಾಲೀಕರನ್ನು ಬೈದು ಪ್ರಯೋಜನ ಇಲ್ಲ, ಅವರ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವು.

ಹಾಗಾದರೆ ಏನು ಮಾಡೋದು? ಬಾಡಿಗೆ ಸಾವಿರ ಇಳಿಸಿ ಅಂತ ಸುಮ್ನೆ ಎಳೆದಾಡಬೇಡಿ. ಕರಾರಿಗೆ ಹೆಚ್ಚು ವರ್ಷ ಕೇಳಿ. ಎಲ್ಲರ ಹಾಗೆ ನಿಮ್ಮದೂ 11 ತಿಂಗಳ ಅಗ್ರಿಮೆಂಟ್ ಇರಬೇಕು. ಅದು ಮುಗಿದು ಸುಮ್ನೆ ಮುಂದುವರಿದರೆ ನೀವು ತಿಂಗಳ ಬಾಡಿಗೆದಾರ. ಅಂಥವರನ್ನು ಬಿಡಿಸಲು ಕಾನೂನಿನಲ್ಲಿ 15 ದಿನದ ನೋಟಿಸ್ ಸಾಕು. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಕಾಪಾಡುತ್ತದೆ ಅಂದುಕೊಂಡರೆ, 14 ಚದರ ಮೀಟರ್‌ಗಿಂತ ದೊಡ್ಡ ಅಂಗಡಿಗೆ ಅದು ಅನ್ವಯಿಸುವುದೇ ಇಲ್ಲ. 14 ಚದರ ಮೀಟರ್ ಅಂದರೆ ಹೆಚ್ಚುಕಡಿಮೆ 10×15 ಅಡಿಯ ಒಂದು ಶಟರ್.

ಅದಕ್ಕೇ ಮೂರೋ ಐದೋ ವರ್ಷದ ಕರಾರು ಮಾಡಿಸಿ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಿ. ನೋಂದಣಿ ಆಗದಿದ್ದರೆ ಐದು ವರ್ಷ ಅಂತ ಬರೆದ ಕಾಗದ ಇದ್ದೂ ಇಲ್ಲದ ಹಾಗೆ. ವರ್ಷಕ್ಕೆ ಎಷ್ಟು ಪರ್ಸೆಂಟ್ ಏರಿಕೆ, ಮಧ್ಯದಲ್ಲಿ ಬಿಡಿಸಿದರೆ ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ಎರಡನ್ನೂ ಬರೆಸಿ. ಇದಕ್ಕೆ ಮಾಲೀಕರು ಒಪ್ಪಿದರೆ ಬಾಡಿಗೆ ಸ್ವಲ್ಪ ಜಾಸ್ತಿ ಆದರೂ ಕೊಡಿ. ನೋಂದಣಿ ಅಂದ ಕೂಡಲೇ ಮುಖ ತಿರುಗಿಸಿದರೆ ಅವರ ಹತ್ತಿರ ಯಾವುದೋ ಬಿಲ್ಡರ್ ಮಾತಾಡಿರುತ್ತಾನೆ ಅಂತ ತಿಳಿದುಕೊಳ್ಳಿ. ಆಗ ಹೊಸ ಫ್ರಿಜ್, ರ‍್ಯಾಕ್ ಅಂತ ಆ ಅಂಗಡಿಗೆ ಇನ್ನೊಂದು ರೂಪಾಯಿ ಹಾಕಬೇಡಿ. ನಿಮ್ಮ ಸಾಲದ ಪುಸ್ತಕ ತೆಗೆದು, ಅದರಲ್ಲಿರುವವರು ಈಗ ಯಾವ ಕಡೆ ಮನೆ ಮಾಡಿದ್ದಾರೆ ಅಂತ ಒಬ್ಬೊಬ್ಬರನ್ನೇ ಕೇಳಿ. ಜಾಗ ಹುಡುಕುವುದಾದರೆ ಆ ಕಡೆಯೇ ಹುಡುಕಿ.