ನಾಲ್ಕು ಗಂಟೆಗೇ ಕತ್ತಲಾಗುವ ಊರಿನಲ್ಲಿ ನಡಿಗೆ

ಪ್ರಶ್ನೆ: ಮಗಳು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿದ್ದಾಳೆ. ಡಿಸೆಂಬರ್ ಎರಡನೇ ವಾರ ನಾನು, ನಮ್ಮ ಯಜಮಾನರು ಅಲ್ಲಿಗೆ ಹೊರಟಿದ್ದೇವೆ. ನನಗೆ 62, ಅವರಿಗೆ 68. ಇಲ್ಲಿ ದಿನಾ ಬೆಳಗ್ಗೆ ಒಂದು ಗಂಟೆ ನಡೆಯುತ್ತೇವೆ. ಅಲ್ಲಿ ಹಳ್ಳಿ ಕಡೆ ನಡೆದಾಡುವ ಆಸೆ. ಆದರೆ ಫೋನಿನಲ್ಲಿ ನೋಡಿದರೆ ಹತ್ತು ದಿನವೂ ಮಳೆಯ ಚಿತ್ರ. ಮನೆಯಲ್ಲೇ ಕೂರಬೇಕಾಗುತ್ತದಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಕೂರಬೇಡಿ ಅಮ್ಮಾ. ನಾನು ತೀರ್ಥಹಳ್ಳಿ ಕಡೆಯವಳು. ಶೆಫೀಲ್ಡ್‌ಗೆ ಬಂದು 19 ವರ್ಷವಾಯಿತು. ಇಲ್ಲಿನ ಚಳಿಗಾಲದ ಮಳೆ ನಮ್ಮ ಆಷಾಢದ ಮಳೆಯ ಹಾಗೆ ಸುರಿಯುವುದು ಕಡಿಮೆ. ಜಿನುಗುತ್ತದೆ, ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಸಿಲು ಬೀಳುತ್ತದೆ, ಮತ್ತೆ ಜಿನುಗುತ್ತದೆ. ಅಟ್ಲಾಂಟಿಕ್ ಸಾಗರದ ಕಡೆಯಿಂದ ಮೋಡದ ಸಾಲುಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಒಂದು ದಾಟಿ ಇನ್ನೊಂದು ಬರುವ ನಡುವೆ ಆಕಾಶ ತೊಳೆದಿಟ್ಟ ಹಾಗೆ ಇರುತ್ತದೆ. ಫೋನಿನಲ್ಲಿ ಇಡೀ ದಿನಕ್ಕೆ ಒಂದೇ ಚಿತ್ರ ಹಾಕಿರುತ್ತಾರೆ. ಅದನ್ನು ಬಿಟ್ಟು ಗಂಟೆ ಗಂಟೆಯ ಲೆಕ್ಕ ನೋಡಿ, ಎಲ್ಲೋ ಎರಡು ಗಂಟೆ ಬಿಡುವು ಸಿಕ್ಕೇ ಸಿಗುತ್ತದೆ. ಹೆಸರಿಟ್ಟ ಬಿರುಗಾಳಿ ಬರುತ್ತಿದೆ ಎಂದರೆ ಮಾತ್ರ ಹೊರಡಬೇಡಿ. 2015ರಿಂದ ಇಲ್ಲಿ ದೊಡ್ಡ ಬಿರುಗಾಳಿಗಳಿಗೆ ಹೆಸರಿಡುತ್ತಾರೆ.

ನನಗೆ ಮಳೆಗಿಂತ ಕತ್ತಲೆಯ ಭಯ ಜಾಸ್ತಿ. ನೀವು ಬರುವ ಹೊತ್ತಿಗೆ ಇಲ್ಲಿ ಸೂರ್ಯ ಹುಟ್ಟುವುದು ಬೆಳಗ್ಗೆ ಎಂಟೂ ಕಾಲಿಗೆ. ಮುಳುಗುವುದು ಮಧ್ಯಾಹ್ನ ಮೂರೂ ಮುಕ್ಕಾಲರ ಸುಮಾರಿಗೆ. ಕಣಿವೆಯಲ್ಲಿದ್ದರೆ ಅದಕ್ಕೂ ಮೊದಲೇ ಬಿಸಿಲು ಗುಡ್ಡದ ಹಿಂದೆ ಜಾರುತ್ತದೆ.

ನನ್ನ ಮೊದಲ ಡಿಸೆಂಬರ್ ನೆನಪಾಗುತ್ತದೆ. ಶೆಫೀಲ್ಡ್‌ನಿಂದ ರೈಲು ಹತ್ತಿ ಈಡೇಲ್ ಎಂಬ ಹಳ್ಳಿಯಲ್ಲಿ ಇಳಿದೆವು. ಅರ್ಧ ಗಂಟೆಯ ಪ್ರಯಾಣ. ಆಗಲೇ ಹನ್ನೆರಡೂವರೆ. ಹೊಲ ದಾಟಿ ಹಾಲಿನ್ಸ್ ಕ್ರಾಸ್ ಎಂಬ ದಿಬ್ಬ ಹತ್ತಿದೆವು. ಚಪಾತಿ, ಚಟ್ನಿಪುಡಿ ತಿಂದೆವು. ಅಲ್ಲಿಂದ ಏಣು ಹಿಡಿದು 517 ಮೀಟರ್ ಎತ್ತರದ ಮ್ಯಾಮ್ ಟಾರ್ ಗುಡ್ಡಕ್ಕೂ ಹೋದೆವು. ವಾಪಸ್ ಬರುವಾಗ ಮೂರೂವರೆ. ಮಂಜು ಇಳಿಯಿತು, ಹಿಂದೆಯೇ ಕತ್ತಲು. ನಾನು ಹಾಕಿದ್ದ ಜೀನ್ಸ್ ನೆಂದು ಕಾಲಿಗೆ ಅಂಟಿಕೊಂಡಿತ್ತು. ಚಳಿಗೆ ಫೋನಿನ ಬ್ಯಾಟರಿ ಸತ್ತಿತ್ತು. ಕಲ್ಲಿನ ಗೋಡೆಯೊಂದನ್ನು ಕೈಯಲ್ಲಿ ಸವರಿಕೊಂಡು ಸವರಿಕೊಂಡು ಕೆಳಗಿಳಿದೆವು. ಕೊನೆಗೆ ಕುರಿಗಳಿಗೆ ಹುಲ್ಲು ಹಾಕಿ ಬರುತ್ತಿದ್ದ ಹೆಂಗಸೊಬ್ಬರು ನಮ್ಮನ್ನು ರಸ್ತೆಯವರೆಗೆ ಬಿಟ್ಟರು. ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಆವತ್ತಿನಿಂದ ಹಣೆಗೆ ಕಟ್ಟುವ ಟಾರ್ಚು ಚೀಲದಲ್ಲೇ ಇರುತ್ತದೆ. ನೀವೂ ಒಂದು ಇಟ್ಟುಕೊಳ್ಳಿ. ಬೆಳಗ್ಗೆ ಹತ್ತಕ್ಕೆಲ್ಲ ಹೊರಡಿ. ಎಲ್ಲೇ ಇರಿ, ಒಂದು ಗಂಟೆಗೆ ಹಿಂದಕ್ಕೆ ತಿರುಗಿ. ಸೀರೆ ಬೇಡಮ್ಮ, ಅಂಚು ನೆಂದರೆ ಆ ಚಳಿ ಮೈಗೆಲ್ಲ ಹತ್ತುತ್ತದೆ. ಒಳಗೆ ಉಣ್ಣೆ, ಮೇಲೆ ಟೋಪಿ ಇರುವ ಮಳೆ ಜಾಕೆಟ್. ಕೊಡೆ ಗುಡ್ಡದ ಗಾಳಿಗೆ ನಿಲ್ಲುವುದಿಲ್ಲ. ಕೆಸರು ಪಾದ ಮುಳುಗುವಷ್ಟು ಇರುತ್ತದೆ, ಹಿಡಿತವಿರುವ ಬೂಟು ಬೇಕೇ ಬೇಕು.

ನಿಮ್ಮಿಬ್ಬರಿಗೆ ಹೇಳಿ ಮಾಡಿಸಿದ ಜಾಗ ಮಾನ್ಸಲ್ ಟ್ರೇಲ್. 1968ರಲ್ಲಿ ಮುಚ್ಚಿದ ರೈಲು ದಾರಿ ಅದು, ಈಗ ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟಿದ್ದಾರೆ. ರೈಲಿನ ದಾರಿಯಾದ್ದರಿಂದ ಏರು ಇಲ್ಲವೇ ಇಲ್ಲ ಅನ್ನಬಹುದು. ಮಾನ್ಸಲ್ ಹೆಡ್‌ನಲ್ಲಿ ಕಾರು ನಿಲ್ಲಿಸಿ ಇಳಿದರೆ ವೈ ನದಿಯ ಮೇಲೆ ದೊಡ್ಡ ಕಲ್ಲಿನ ಸೇತುವೆ. ಅಲ್ಲಿಗೆ ಇಳಿಯುವ ದಾರಿ ಮಾತ್ರ ಕಡಿದು, ನಿಧಾನಕ್ಕೆ ಇಳಿಯಿರಿ. ದಾರಿಯುದ್ದಕ್ಕೂ ಹಳೆಯ ಸುರಂಗಗಳಿವೆ, ದೊಡ್ಡವು ಒಂದೊಂದೂ ಸುಮಾರು 400 ಮೀಟರ್. ಹಗಲು ದೀಪ ಉರಿಯುತ್ತದೆ. ಮಳೆ ಜೋರಾದರೆ ಒಳಗೆ ನಿಂತು ಫ್ಲಾಸ್ಕಿನ ಕಾಫಿ ಕುಡಿಯಿರಿ.

ಇನ್ನೊಂದು ಆಸೆ ಹೇಳಿಬಿಡುತ್ತೇನೆ. ಗಾಳಿ ಇಲ್ಲದ, ಮೋಡವಿಲ್ಲದ ಚಳಿ ರಾತ್ರಿ ಕಳೆದ ಬೆಳಗ್ಗೆ ತಣ್ಣನೆ ಗಾಳಿ ಭಾರವಾಗಿ ಕಣಿವೆಗೆ ಇಳಿದು ಕೂತಿರುತ್ತದೆ. ಕೆಳಗೆ ಊರೆಲ್ಲ ಮಂಜು, ಮೇಲೆ ಗುಡ್ಡದಲ್ಲಿ ಬಿಸಿಲು. ಅಂಥ ದಿನ ಸಿಕ್ಕಿದರೆ ಮಗಳಿಗೆ ಮ್ಯಾಮ್ ಟಾರ್‌ಗೆ ಕರೆದುಕೊಂಡು ಹೋಗಲು ಹೇಳಿ. ಕಾರು ನಿಲ್ಲಿಸುವ ಜಾಗದಿಂದ ತುದಿಗೆ ಮೆಟ್ಟಿಲುಗಳಿವೆ. ಮಂಜುಗಟ್ಟಿದ್ದರೆ ಕಲ್ಲು ಜಾರುತ್ತದೆ, ಯಜಮಾನರ ಕೈ ಹಿಡಿದುಕೊಂಡೇ ಹತ್ತಿ. ಮೇಲಿಂದ ನೋಡಿದರೆ ಇಡೀ ಹೋಪ್ ಕಣಿವೆ ಹಾಲು ತುಂಬಿದ ಕೆರೆ. ಸಿಮೆಂಟ್ ಕಾರ್ಖಾನೆಯ ಚಿಮಣಿ ಒಂದೇ ಮೇಲೆ ಎದ್ದು ನಿಂತಿರುತ್ತದೆ. 19 ವರ್ಷದಲ್ಲಿ ನಾನು ಅದನ್ನು ನೋಡಿದ್ದು ನಾಲ್ಕೇ ಸಲ.

ಪ್ರಶ್ನೆ: ನಾನು ಲೆಸ್ಟರ್‌ನಲ್ಲಿ ಓದುತ್ತಿದ್ದೇನೆ. ಇಲ್ಲಿ ಜನ ಯಾರದೋ ಹೊಲದ ಮಧ್ಯೆ ಆರಾಮಾಗಿ ನಡೆದು ಹೋಗುತ್ತಾರೆ. ನಾವೂ ಹೋಗಬಹುದಾ? ಕುರಿಗಳ ಬೆನ್ನಿಗೆ ಬಣ್ಣ ಯಾಕೆ?
– ವಿದ್ಯಾರ್ಥಿ, ಲೆಸ್ಟರ್

ಉತ್ತರ: ಧಾರಾಳವಾಗಿ ಹೋಗಪ್ಪ. ಬೇಲಿಯ ಕಂಬದ ಮೇಲೆ ಹಳದಿ ಬಾಣ ಇದ್ದರೆ ಅದು ಕಾಲುದಾರಿ. ಹೊಲ ಯಾರದಾದರೂ ಆ ದಾರಿಯಲ್ಲಿ ನಡೆಯುವ ಹಕ್ಕು ಎಲ್ಲರದು. ಬಾಣ ಬಿಟ್ಟು ಆಚೀಚೆ ಹೋಗಬೇಡ. ಬೋಳು ಗುಡ್ಡಗಳ ಕಥೆ ಬೇರೆ. ನಮ್ಮ ಶೆಫೀಲ್ಡ್ ಪಕ್ಕದ ಕಿಂಡರ್ ಸ್ಕೌಟ್ ಗುಡ್ಡವನ್ನು ಜಮೀನುದಾರರು ಬೇಟೆಗೆಂದು ಮುಚ್ಚಿಟ್ಟಿದ್ದರು. 1932ರ ಏಪ್ರಿಲ್ 24ರಂದು ನೂರಾರು ಜನ ದುಡಿಯುವ ಹುಡುಗ ಹುಡುಗಿಯರು ಬೇಕೆಂದೇ ಅದನ್ನು ಹತ್ತಿದರು. ಐವರು ಜೈಲಿಗೆ ಹೋದರು. ಅಂಥ ಗುಡ್ಡಗಳಲ್ಲಿ ದಾರಿ ಬಿಟ್ಟೂ ಓಡಾಡುವ ಹಕ್ಕು ಕಾನೂನಾಗಿ ಬಂದದ್ದು 2000ದಲ್ಲಿ. ಆ ಗುಡ್ಡದ ಮೇಲೆ ನಡೆಯುವಾಗ ನನಗೆ ಅವರೇ ನೆನಪಾಗುತ್ತಾರೆ.

ಬಣ್ಣ ಟಗರಿನದು. ಅದರ ಎದೆಗೆ ಬಣ್ಣ ಬಳಿದು ಹಿಂಡಿಗೆ ಬಿಡುತ್ತಾರೆ. ಕೂಡಿದ ಕುರಿಯ ಬೆನ್ನಿಗೆ ಆ ಬಣ್ಣ ಹತ್ತುತ್ತದೆ. ಕೆಲವು ದಿನಕ್ಕೊಮ್ಮೆ ಬಣ್ಣ ಬದಲಿಸುತ್ತಾರೆ. ಯಾವುದು ಮೊದಲು ಮರಿ ಹಾಕುತ್ತದೆ ಎಂದು ರೈತನಿಗೆ ಗೊತ್ತಾಗುತ್ತದೆ. ನವೆಂಬರ್‌ನಲ್ಲಿ ಕೂಡಿದವು ಏಪ್ರಿಲ್‌ಗೆ ಮರಿ ಹಾಕುತ್ತವೆ. ಅಂದರೆ ನೀನು ಈಗ ನೋಡುತ್ತಿರುವವು ಬಸುರಿ ಕುರಿಗಳು. ಫೋಟೋಗೆಂದು ಓಡಿಸಬೇಡ, ಗೋಡೆಯ ಪಕ್ಕದಲ್ಲೇ ನಿಧಾನಕ್ಕೆ ನಡಿ. ಗೇಟು ಹೇಗಿತ್ತೋ ಹಾಗೇ ಬಿಡು.