ಶೇರ್‌ಪಾಯಿಂಟ್ ಲೈಬ್ರರಿಯ ಪ್ರತಿ ಫೋಲ್ಡರಿನಲ್ಲಿ ಎಷ್ಟು ಕಡತಗಳಿವೆ ಎಂದು ಸ್ಕ್ರಿಪ್ಟಿನಿಂದ ಎಣಿಸುವುದು ಹೇಗೆ?

ಲೈಬ್ರರಿಯ ಐಟಂಕೌಂಟ್ (ಒಟ್ಟು ಐಟಂಗಳ ಸಂಖ್ಯೆ) ಫೋಲ್ಡರ್‌ಗಳನ್ನೂ ಸೇರಿಸಿಕೊಂಡು ಎಣಿಸುವುದರಿಂದ ಅದನ್ನು ನಂಬಬೇಡಿ. ಒಂದೊಂದೇ ಫೋಲ್ಡರನ್ನು ಹೊಕ್ಕು ಎಣಿಸುವ ಲೂಪ್ ಬರೆಯುವ ಬದಲು, ಪವರ್‌ಶೆಲ್‌ನಲ್ಲಿ (ಮೈಕ್ರೋಸಾಫ್ಟಿನ ಸ್ಕ್ರಿಪ್ಟ್ ಸಾಧನ) ಪಿಎನ್‌ಪಿ ಮಾಡ್ಯೂಲಿನ ಗೆಟ್-ಪಿಎನ್‌ಪಿಲಿಸ್ಟ್‌ಐಟಂ ಆದೇಶಕ್ಕೆ ಪೇಜ್‌ಸೈಜ್ 2000 ಎಂದು ಕೊಟ್ಟು ಎಲ್ಲವನ್ನೂ ಕಂತುಕಂತಾಗಿ ತರಿಸಿಕೊಂಡು, ಫೈಲ್‌ಸಿಸ್ಟಂಆಬ್ಜೆಕ್ಟ್‌ಟೈಪ್ ‘ಫೈಲ್’ ಆಗಿರುವವನ್ನಷ್ಟೇ ಉಳಿಸಿಕೊಂಡು, ಫೈಲ್‌ಡಿರ್‌ರೆಫ್ (ಕಡತವಿರುವ ಫೋಲ್ಡರಿನ ಹಾದಿ) ಮೌಲ್ಯದ ಪ್ರಕಾರ ಗ್ರೂಪ್-ಆಬ್ಜೆಕ್ಟ್‌ನಿಂದ ಗುಂಪು ಮಾಡುವುದು ಮೇಲು. ಪೇಜ್‌ಸೈಜ್ ಕೊಡದಿದ್ದರೆ, 5000 ಐಟಂ ದಾಟಿದ ಲೈಬ್ರರಿಯಲ್ಲಿ ‘ಮಿತಿ ಮೀರಿದೆ’ ಎಂಬ ದೋಷ ಎದುರಾಗುತ್ತದೆ.

ಹೀಗೆ ಸಿಗುವುದು ಆಯಾ ಫೋಲ್ಡರಿನಲ್ಲಿ ನೇರವಾಗಿರುವ ಕಡತಗಳ ಲೆಕ್ಕ ಮಾತ್ರ. ‘ವರದಿ’ಯಲ್ಲಿ 12, ಅದರೊಳಗಿನ ‘ವರದಿ/2023’ರಲ್ಲಿ 40 ಇದ್ದರೆ ಎರಡು ಸಾಲುಗಳು ಬರುತ್ತವೆ, ಒಟ್ಟು 52 ಬೇಕಿದ್ದರೆ ಪ್ರತಿ ಕಡತದ ಹಾದಿಯನ್ನು ಓರೆಗೆರೆಯಲ್ಲಿ ಒಡೆದು, ಮೇಲಿನ ಪ್ರತಿ ಹಂತದ ಲೆಕ್ಕಕ್ಕೂ ಒಂದನ್ನು ಕೂಡಿಸಬೇಕು. ಅಂದಹಾಗೆ, ಖಾಲಿ ಫೋಲ್ಡರ್‌ಗಳು ಈ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ.