ಅತ್ತೆಯ ಇಳಕಲ್ ಸೀರೆ, ನಾದಿನಿಯ ಗುಲಾಬಿ ಕುರ್ತಾ

ಪ್ರಶ್ನೆ: ಈ ದೀಪಾವಳಿಗೆ ನಮ್ಮ ಅತ್ತೆ-ಮಾವನ ಮದುವೆಯಾಗಿ 50 ವರ್ಷ. ಗದಗಿನ ಮನೆಯಲ್ಲಿ ಎಲ್ಲರೂ ಕೂಡುತ್ತೇವೆ. ಒಟ್ಟು 13 ಜನ, ಅದರಲ್ಲಿ ನಾಲ್ವರು ಮಕ್ಕಳು. ಮನೆ ಮುಂದೆ ಶಾಮಿಯಾನ ಹಾಕಿಸಿ ಅದರಡಿಯಲ್ಲೇ ಫೋಟೊ ತೆಗೆಸುವ ವಿಚಾರವಿದೆ. ಎಲ್ಲರಿಗೂ ಒಂದೇ ತಿಳಿಗುಲಾಬಿ ಬಣ್ಣದ ಬಟ್ಟೆ ತರಿಸೋಣ ಎಂದು ನಾದಿನಿ ಪುಣೆಯಿಂದ ದಿನಾ ಫೋನ್ ಮಾಡುತ್ತಾರೆ. ಅತ್ತೆ ತಮ್ಮ ಹಸಿರು ಇಳಕಲ್ ಸೀರೆ ಬಿಟ್ಟು ಬೇರೆ ಉಡುವುದಿಲ್ಲ ಎಂದು ಕೂತಿದ್ದಾರೆ. ಮಾವನದು ಎಂದಿನಂತೆ ಬಿಳಿ ಧೋತರ, ಬಿಳಿ ಅಂಗಿ, ಟೋಪಿ. ನಡುವೆ ಸಿಕ್ಕಿಕೊಂಡವಳು ನಾನು. ಏನು ಮಾಡಲಿ?
– ಹೆಸರು ಹಾಕಬೇಡಿ, ಗದಗ

ಉತ್ತರ: ತಂಗಿ, ಮೊದಲು ಅತ್ತೆಯ ಸೀರೆಯನ್ನು ಟ್ರಂಕಿನಿಂದ ತೆಗೆಸಿ ಬಾಗಿಲ ಬೆಳಕಿಗೆ ಹಿಡಿದು ನೋಡಿ. ಉಳಿದ 12 ಜನರ ಬಣ್ಣ ಆ ಸೀರೆಯಿಂದ ಹುಟ್ಟಬೇಕು, ಫೋನಿನಲ್ಲಿ ಬಂದ ಗುಲಾಬಿಯಿಂದಲ್ಲ.

ಯಾಕೆ ಇಷ್ಟು ಖಂಡಿತವಾಗಿ ಹೇಳುತ್ತೇನೆ ಅಂದರೆ, ಧಾರವಾಡದ ನನ್ನ ಸ್ಟುಡಿಯೊಗೆ ಹಳೇ ಗ್ರೂಪ್ ಫೋಟೊ ಹಿಡಿದು ಬರುವವರಲ್ಲಿ ಬಹಳ ಮಂದಿ ಕೇಳುವುದು ಒಂದೇ: "ಇದರಾಗ ನಮ್ಮವ್ವನ್ನ ಅಷ್ಟ ಬಿಡಿಸಿ ದೊಡ್ಡದು ಮಾಡಿ ಕೊಡ್ರಿ." ಅವ್ವ ಹೋಗಿ ಎರಡು ದಿನವೂ ಆಗಿರುವುದಿಲ್ಲ. ಹಿಂದೊಮ್ಮೆ ಒಬ್ಬರು ಮಗನ ಜವಳದ ಫೋಟೊ ತಂದರು. ಅದರಲ್ಲಿ ಮನೆಯ ಹೆಂಗಸರಿಗೆಲ್ಲ ಒಂದೇ ಥರದ ನೇರಳೆ ಸಿಂಥೆಟಿಕ್ ಸೀರೆ, ಆ ಮುದುಕಿಗೂ ಅದೇ. ಮುಖ ಬಿಡಿಸಿ ಪರದೆ ಮೇಲೆ ದೊಡ್ಡದು ಮಾಡಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. "ಅಕ್ಕಾರ, ಈ ಸೀರಿ ಬದಲ್ ಮಾಡಾಕ ಬರ್ತೈತೇನ್ರಿ? ನಮ್ಮವ್ವ ಇಂಥಾದ್ದು ಎಂದೂ ಉಟ್ಟಾಕಿ ಅಲ್ರಿ." ಬಣ್ಣವನ್ನೇನೋ ಹಸಿರು ಮಾಡಿದೆ. ಇಲ್ಲದ ದಡಿಯನ್ನು ಎಲ್ಲಿಂದ ತರಲಿ? ಇದನ್ನು ನಿಮ್ಮ ಅತ್ತೆಗೆ ಓದಿ ಹೇಳಬೇಡಿ, ಹಬ್ಬದ ಮುಂದೆ ಅಂಥ ಮಾತು ಬೇಡ. ನಾದಿನಿಗೆ ಬೇಕಿದ್ದರೆ ಹೇಳಿ.

ಇನ್ನು ಆ ಸೀರೆ ವಿಷಯ. ಇಳಕಲ್ಲಿನ ಹಳೇ ರೂಢಿಯ ಸೀರೆಯಲ್ಲಿ ಮೈ ನೂಲಿನದು, ಸೆರಗು ರೇಷ್ಮೆಯದು. ಎರಡರ ಹಾಸಿನ ಎಳೆಗಳನ್ನು ಮಗ್ಗದ ಮೇಲೇ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಕ್ಯಾಮೆರಾಕ್ಕೆ ಇದು ಚೆನ್ನಾಗಿ ಗೊತ್ತಾಗುತ್ತದೆ. ನೂಲು ಬೆಳಕನ್ನು ಕುಡಿಯುತ್ತದೆ, ರೇಷ್ಮೆ ತಿರುಗಿ ಕೊಡುತ್ತದೆ. ಕೆಂಪಿನ ಮೇಲೆ ಬಿಳಿ ತೆನೆಯಂಥ ಚಿತ್ತಾರ ನೇಯ್ದ ಆ ಟೋಪ ತೆನಿ ಸೆರಗು ಬೆನ್ನ ಹಿಂದೆ ಬಿದ್ದರೆ ಫೋಟೊಕ್ಕೆ ಬರೀ ಹಸಿರು ಮೈ ಉಳಿಯುತ್ತದೆ. ಅತ್ತೆ ನಡುವಿನ ಕುರ್ಚಿಯಲ್ಲಿ ಕೂತ ಮೇಲೆ ಸೆರಗಿನ ತುದಿಯನ್ನು ಮುಂದಕ್ಕೆ ತಂದು ತೊಡೆ ಮೇಲೆ ಹಾಸಿ, ಬಿಳಿ ತೆನೆಗಳು ಎಣಿಸುವಂತೆ ಕಾಣಲಿ. ಕುಪ್ಪಸ ಗುಳೇದಗುಡ್ಡದ ಖಣದ್ದಿದ್ದರೆ ಅದನ್ನೇ ತೊಡಲಿ. ಹೊಸದು ಹೊಲಿಸುವ ಗದ್ದಲ ಬೇಡ.

ಹಸಿರು ಮೈ, ಕೆಂಪು ದಡಿ ಅಂದಮೇಲೆ ಉಳಿದವರು ಆ ಎರಡೂ ಬಣ್ಣ ಬಿಟ್ಟು ಅವುಗಳ ಪಕ್ಕದಲ್ಲಿ ಹೊಂದುವುದನ್ನು ತೊಡಲಿ. ಗಂಡುಮಕ್ಕಳಿಗೆ ಕೆನೆಬಣ್ಣದ್ದೋ ಗೋಧಿಬಣ್ಣದ್ದೋ ಜುಬ್ಬಾ. ಸೊಸೆಯರಿಬ್ಬರಿಗೆ ಸಾಸಿವೆ ಹಳದಿ, ಬೆಲ್ಲದ ಬಣ್ಣ. ಒಬ್ಬರಿಗೆ ಮಾಸಲು ನೀಲಿ ಇದ್ದರೂ ನಡೆದೀತು. ನಾದಿನಿಯ ಗುಲಾಬಿಯನ್ನು ಪೂರ್ತಿ ತಳ್ಳಿಹಾಕಬೇಡಿ. ಅವರು, ಅವರ ಮಗಳು ತೊಡಲಿ, ಹಸಿರಿನ ಹತ್ತಿರ ತಿಳಿಗುಲಾಬಿ ಕೆಟ್ಟದ್ದೇನಲ್ಲ. ಇಬ್ಬರು ತೊಟ್ಟರೆ ಚಂದ, 13 ಜನ ತೊಟ್ಟರೆ ಬ್ಯಾಂಡ್ ಬಾರಿಸುವವರ ಮೇಳ. "ಫೋಟೊದಾಕಿ ಹಿಂಗ ಹೇಳ್ಯಾಳ" ಅಂತ ನನ್ನ ಮೇಲೇ ಹಾಕಿಬಿಡಿ. ಪುಣೆಯಿಂದ ಧಾರವಾಡಕ್ಕೆ ಬೈಗುಳ ಬಂದು ಮುಟ್ಟುವ ಹೊತ್ತಿಗೆ ಹಬ್ಬ ಮುಗಿದಿರುತ್ತದೆ.

ಒಂದೇ ಬಣ್ಣದ ಹುಚ್ಚು ನನಗೂ ಒಮ್ಮೆ ಹಿಡಿದಿತ್ತು. 1996ರಲ್ಲಿ, ಅಪ್ಪನ ಸ್ಟುಡಿಯೊ ನನ್ನ ಕೈಗೆ ಬಂದ ಹೊಸದರಲ್ಲಿ, ಒಂದು ಮನೆತನದ 11 ಜನರಿಗೂ ಬಿಳಿ ತೊಡಿರಿ ಎಂದು ನಾನೇ ಹೇಳಿ ಕೂರಿಸಿದೆ. ಫಿಲಂ ಕಾಲ. ಪ್ರಿಂಟ್ ಬಂದು ನೋಡಿದರೆ ಅಂಗಿಗಳು ಬೂದಿ, ಮುಖಗಳು ಕಪ್ಪು. ಪ್ರಿಂಟ್ ಮಾಡುವ ಯಂತ್ರ ಇಡೀ ಚಿತ್ರದ ಬೆಳಕಿನ ಸರಾಸರಿ ತೆಗೆಯುತ್ತದೆ. ಎಲ್ಲಿ ನೋಡಿದರೂ ಬಿಳಿಯೇ ಇದ್ದರೆ ಬೆಳಕು ಹೆಚ್ಚಾಗಿದೆ ಎಂದುಕೊಂಡು ಎಲ್ಲವನ್ನೂ ಕುಗ್ಗಿಸಿಬಿಡುತ್ತದೆ. ಮೂರು ಸಲ ಮತ್ತೆ ಪ್ರಿಂಟ್ ಹಾಕಿಸಿದೆ, ನನ್ನದೇ ದುಡ್ಡಿನಲ್ಲಿ. ಇಂದಿನ ಮೊಬೈಲು, ಕ್ಯಾಮೆರಾ ಆಟೊದಲ್ಲಿದ್ದಾಗ ಎಷ್ಟೋ ಸಲ ಇದೇ ತಪ್ಪು ಮಾಡುತ್ತವೆ. ಅದಕ್ಕೇ ಬಿಳಿ ಮಾವನೊಬ್ಬರಿಗೇ ಮೀಸಲಾಗಿರಲಿ. ಅವರ ಧೋತರಕ್ಕೆ ಆ ವಾರ ನೀಲಿ ಕಡಿಮೆ ಹಾಕಿ. ನೆರಳಿನ ಬೆಳಕೇ ಸ್ವಲ್ಪ ನೀಲಿ, ಅದರ ಮೇಲೆ ಬಟ್ಟೆಯ ನೀಲಿಯೂ ಕೂಡಿದರೆ ಮಾವ ತಿಳಿನೀಲಿ ಧೋತರದಲ್ಲಿ ಕಾಣುತ್ತಾರೆ.

ಈಗ ಶಾಮಿಯಾನ. ಅದರಡಿಯಲ್ಲಿ ಖಂಡಿತ ಬೇಡ. ಕೆಂಪು-ಹಳದಿ ಬಟ್ಟೆಯ ಮೂಲಕ ಇಳಿದ ಬಿಸಿಲು ಎಲ್ಲರ ಮುಖಕ್ಕೂ ಕೆಂಪು ಬಳಿಯುತ್ತದೆ. ನೀವು ತಿಂಗಳುಗಟ್ಟಲೆ ಆರಿಸಿದ ಬಣ್ಣಗಳೆಲ್ಲ ಅಲ್ಲಿ ಒಂದೇ. ಬೆಳಿಗ್ಗೆ 8 ಗಂಟೆಯೊಳಗೆ, ಮನೆಯದೇ ನೆರಳು ಕಟ್ಟೆಯ ಮೇಲೆ ಬಿದ್ದಿರುವಾಗ, ಆಕಾಶದ ಕಡೆ ಮುಖ ಮಾಡಿ ಕೂರಿ. ಬಿಸಿಲು ಆ ದಿಕ್ಕಿನಿಂದಲೇ ಬೀಳುವ ಮನೆಯಾದರೆ ಸಂಜೆಗೆ ಇಟ್ಟುಕೊಳ್ಳಿ. ಹಿಂದಿನ ಗೋಡೆಗೆ ಹಸಿರು ಆಯಿಲ್ ಪೇಂಟ್ ಹೊಡೆಸಿದ್ದರೆ ಮಾತ್ರ ಜಾಗ ಬದಲಿಸಿ, ಅತ್ತೆ ಗೋಡೆಯೊಳಗೆ ಕರಗಿಹೋಗುತ್ತಾರೆ.

ಹೊಸ ಬಟ್ಟೆಗೆ ದುಡ್ಡು ಸುರಿಯುವ ಮುಂಚೆ ಯಾರು ಎಲ್ಲಿ ನಿಲ್ಲುತ್ತಾರೆ ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಹಿಂದಿನ ಸಾಲಿನವರದು ಎದೆಯಿಂದ ಮೇಲಷ್ಟೇ ಕಾಣುವುದು, ಅವರ ಪ್ಯಾಂಟಿನ ಚಿಂತೆ ಬಿಡಿ. ಮುಂದೆ ಕೂರುವವರದು ನೆರಿಗೆ, ಪಾದ ಎಲ್ಲವೂ ಕಾಣುತ್ತದೆ. ಚಪ್ಪಲಿ ಬಿಟ್ಟರೆ ಆ ಸಾಲಿನವರೆಲ್ಲ ಬಿಡಲಿ. ರೇಷ್ಮೆ ಜುಬ್ಬಾದ ಕೆಳಗೆ ಸ್ಪೋರ್ಟ್ಸ್ ಶೂ ಹಾಕಿದ ಅಳಿಯಂದಿರನ್ನು ನೋಡಿ ನೋಡಿ ಸಾಕಾಗಿದೆ. ಸಣ್ಣ ಚೌಕಳಿಯ ಆಫೀಸ್ ಅಂಗಿಯಲ್ಲೇ ಬಂದು ನಿಲ್ಲುವ ಮೈದುನ ಯಾರಾದರೂ ಇದ್ದರೆ ತಡೆಯಿರಿ. ಡಿಜಿಟಲ್ ಕ್ಯಾಮೆರಾದಲ್ಲಿ ಸಣ್ಣ ಚೌಕಳಿ, ಸಣ್ಣ ಗೆರೆ ಅಲೆಅಲೆಯಾಗಿ ಬಣ್ಣ ಕಾರುತ್ತದೆ. ಮಕ್ಕಳಿಗೆ ಅಕ್ಷರ ಬರೆದ ಟೀ ಶರ್ಟ್ ಬೇಡ, ಮುಖಕ್ಕಿಂತ ಮೊದಲು ಕಣ್ಣು ಅದನ್ನು ಓದುತ್ತದೆ. ಹೊಸ ಬಟ್ಟೆಯನ್ನು ಹಿಂದಿನ ದಿನವೇ ಬಿಚ್ಚಿ ಇಸ್ತ್ರಿ ಮಾಡಿಸಿ, ಮಡಿಕೆಯ ಗೆರೆ ಹಾಗೇ ಉಳಿದರೆ ಎದೆಯ ಮೇಲೆ ಕಿಟಕಿ ಸರಳಿನಂತೆ ಕಾಣುತ್ತದೆ.

ಬಟ್ಟೆಗಳೆಲ್ಲ ಕೂಡಿದ ಮೇಲೆ ಮಂಚದ ಮೇಲೆ, ನಿಲ್ಲುವ ಸಾಲಿನಂತೆಯೇ ಜೋಡಿಸಿ ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಅದನ್ನು ಕಪ್ಪು-ಬಿಳುಪು ಮಾಡಿ ನೋಡಿ. ಯಾವುದೋ ಒಂದು ಎದ್ದು ಹೊಡೆಯುತ್ತಿರುತ್ತದೆ. ಅದು ಅತ್ತೆ-ಮಾವನದಲ್ಲದಿದ್ದರೆ ಬದಲಿಸಿ. ಅಪ್ಪ ಇದನ್ನು ಕಣ್ಣು ಕಿರಿದು ಮಾಡಿಯೇ ಕಂಡುಕೊಳ್ಳುತ್ತಿದ್ದರು. ಅವರ ಕಪ್ಪು-ಬಿಳುಪು ಫಿಲಮಿನಲ್ಲಿ ಇಂಥ ಹಸಿರು ಸೀರೆ, ಕೆಂಪು ದಡಿ ಎರಡೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣಕ್ಕೆ ಬರುತ್ತಿದ್ದವು, ದಡಿಯೇ ಮಾಯ. ಅಂದ ಹಾಗೆ ಆಗ ನಮ್ಮ ಸ್ಟುಡಿಯೊದ ಮೊಳೆಗೆ ಒಂದು ಕಪ್ಪು ಕೋಟು ತೂಗುತ್ತಿತ್ತು. ಕೋಟಿಲ್ಲದವರಿಗೆಲ್ಲ ಅದೇ ಕೋಟು, ಸಡಿಲಾದರೆ ಬೆನ್ನ ಹಿಂದೆ ಬಟ್ಟೆಗೆ ಸಿಗಿಸುವ ಕ್ಲಿಪ್ಪು. ಓಣಿಯ ಎಷ್ಟೋ ಮನೆಗಳ ಗೋಡೆ ಮೇಲೆ ಬೇರೆ ಬೇರೆ ಮುಖದ ಕೆಳಗೆ ಆ ಒಂದೇ ಕೋಟು ಇವತ್ತಿಗೂ ಇದೆ.

ಪ್ರಶ್ನೆ: ನನ್ನ ಕನ್ನಡಕ ಬಿಸಿಲಿಗೆ ಕಪ್ಪಾಗುವ ಜಾತಿಯದು. ಪ್ರತಿ ಫೋಟೊದಲ್ಲೂ ಕಣ್ಣೇ ಇಲ್ಲ.
– ನಿವೃತ್ತ ಶಿಕ್ಷಕ, ಬೈಲಹೊಂಗಲ

ಉತ್ತರ: ಸರ್, ಹಳೇ ಕನ್ನಡಕ ಎಲ್ಲಾದರೂ ಮೇಜಿನ ಖಾನೆಯಲ್ಲಿ ಬಿದ್ದಿರುತ್ತದೆ, ಫೋಟೊಕ್ಕೆ ಅದನ್ನೇ ಹಾಕಿಕೊಳ್ಳಿ. ಇಲ್ಲವೆಂದರೆ ಪಡಸಾಲೆಯಲ್ಲೇ ತೆಗೆಸಿ. ಹೊರಗಿನಿಂದ ಬಂದ ಮೇಲೆ ಗಾಜು ತಿಳಿಯಾಗಲು ಕೆಲವು ನಿಮಿಷ ಬೇಕು, ಅಷ್ಟರಲ್ಲಿ ಚಹಾ ಕುಡಿಯಿರಿ. ಗಾಜಿನಲ್ಲಿ ಬೆಳಕು ಮಿನುಗಿದರೆ ಕಡ್ಡಿಯನ್ನು ಕಿವಿಯ ಮೇಲೆ ತುಸು ಎತ್ತಿ ಇಡಿ. ಗಾಜು ನೆಲದ ಕಡೆ ವಾಲಿದರೆ ಮಿನುಗು ಹೋಗುತ್ತದೆ.

ಪ್ರಶ್ನೆ: ಎಂಟು ತಿಂಗಳ ಮಗಳಿಗೆ ಜರಿ ಲಂಗ ಹೊಲಿಸಿದ್ದೇವೆ. ಹಾಕಿದ ಕೂಡಲೇ ಅಳುತ್ತಾಳೆ.
– ಒಬ್ಬ ತಾಯಿ, ಶಿರಸಿ

ಉತ್ತರ: ಜರಿ ಚುಚ್ಚುತ್ತದೆ, ಅಳದೆ ಏನು ಮಾಡಿಯಾಳು? ಒಳಗೆ ತೆಳುವಾದ ಹತ್ತಿ ಶಮೀಜು ಹಾಕಿ. ಹಾಲು ಕುಡಿಸಿ, ತೇಗಿಸಿ, ಉಳಿದವರೆಲ್ಲ ಸಾಲಾಗಿ ನಿಂತು ತಯಾರಾದ ಮೇಲೆ ಕೊನೆಯಲ್ಲಿ ಲಂಗ ತೊಡಿಸಿ. ನಿಮಗೆ ಸಿಗುವುದು ಐದೇ ನಿಮಿಷ. ಆಮೇಲೂ ಅತ್ತರೆ ಹಳೇ ಹತ್ತಿ ಅಂಗಿಯಲ್ಲೇ ಕೂರಿಸಿ, ಲಂಗವನ್ನು ಅಜ್ಜಿಯ ತೊಡೆ ಮೇಲೆ ಹಾಸಿ ಅದರ ಮೇಲೆ ಕೂರಿಸಿದರೂ ಆಯಿತು.